ಅಟ್ಟದ ಮನೆಯಮ್ಮನ ಬಾಯಿ

ಬಾಯಿ ಸರಿ ಇರಲಿಲ್ಲವಂತೆ.

ಅಟ್ಟದ ಮನೆಯಮ್ಮ ತೀರಿಕೊಂಡ ದಿನ ಅರಳಿಕಟ್ಟೆಯ ಮೇಲೆ ಕೂತ ದೊಡ್ಡ ಮನುಷ್ಯರೆಲ್ಲ ಆಡುತ್ತಿದ್ದದ್ದು ಇದೇ ಮಾತು. ಹೆಂಗಸು ಒಳ್ಳೆಯವಳೇ, ಆದರೆ ಆ ಬಾಯೊಂದು ನೆಟ್ಟಗಿದ್ದಿದ್ದರೆ ಅಂತ. ತುರುವೇಕೆರೆಯ ಆಸ್ಪತ್ರೆಯಲ್ಲಿ ಡ್ಯೂಟಿಯನ್ನು ಅರ್ಧಕ್ಕೆ ಬಿಟ್ಟು, ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ಸು ಬದಲಾಯಿಸಿ ಬಂದಿಳಿದ ನನ್ನ ಕಿವಿಗೆ ಮೊದಲು ಬಿದ್ದದ್ದೇ ಅದು. ಮೈಯೆಲ್ಲ ಉರಿದುಹೋಯಿತು. ಹೆಣ ಇನ್ನೂ ಮನೆ ಬಿಟ್ಟು ಹೊರಟಿಲ್ಲ, ಇವರು ಆಗಲೇ ಸತ್ತವರ ನಾಲಿಗೆ ಅಳೆಯುತ್ತಾ ಕೂತಿದ್ದಾರೆ.

ಹೌದು ಕಣ್ರೀ, ಕೆಟ್ಟ ಬಾಯಿ. ಇಲ್ಲ ಅಂದವರು ಯಾರು? ಆ ಬಾಯಿಗೆ ಸಿಕ್ಕಿ ನಮ್ಮವ್ವ ಅತ್ತಿದ್ದಾಳೆ, ನಾನು ಹಲ್ಲು ಕಡಿದಿದ್ದೇನೆ. ಆದರೆ ಈ ಊರಿನಲ್ಲಿ ಬಾಯಿ ಸರಿ ಇದ್ದವರನ್ನೂ ನಾನು ಹತ್ತಿರದಿಂದ ನೋಡಿದ್ದೇನೆ. ಆ ಒಳ್ಳೆ ಬಾಯಿಯವರು ನಮಗೆ ಏನು ಮಾಡಿದರು, ಈ ಕೆಟ್ಟ ಬಾಯಿಯವರು ಏನು ಮಾಡಿದರು, ಎರಡನ್ನೂ ಬರೆದೇ ಬಿಡುತ್ತೇನೆ. ಬೇಕಾದವರು ಓದಲಿ. ಬೇಡವಾದವರು ಕಟ್ಟೆಯ ಮೇಲೆ ಹಾಗೇ ಕೂತಿರಲಿ.

ಹೆಸರು ಬರೆಯುವುದಿಲ್ಲ. ನಮ್ಮ ಕಾಲೋನಿಯಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದವರಲ್ಲ. ಎದುರಿಗೆ ಅಮ್ಮಾರೇ, ಹಿಂದೆ ಅಟ್ಟದ ಮನೆಯಮ್ಮ. ನಮ್ಮ ಸೀಮೆಯಲ್ಲಿ ತೋಟ ಇದ್ದವರ ಮನೆಗೆಲ್ಲ ಅಟ್ಟ ಇರುತ್ತದೆ. ಮರದಿಂದ ಇಳಿಸಿದ ಕಾಯಿಯನ್ನು ಅಟ್ಟಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ವರ್ಷ ಅದನ್ನು ಮುಟ್ಟುವ ಹಾಗಿಲ್ಲ. ಒಳಗಿನ ನೀರೆಲ್ಲ ಇಂಗಿ, ತಿರುಳು ಕರಟ ಬಿಟ್ಟು, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಗಟಗಟ ಅನ್ನಬೇಕು, ಆಗ ಅದು ಕೊಬ್ಬರಿ. ಅವರ ಮನೆಯ ಅಟ್ಟ ಊರಿಗೇ ದೊಡ್ಡದು. ಅದು ಖಾಲಿಯಾಗುವ ಕಾಲಕ್ಕೆ ನಮ್ಮ ಕಾಲೋನಿಯ ಗಂಡಸರು ಹೆಂಗಸರೆಲ್ಲ ಅವರ ಅಂಗಳದಲ್ಲಿ ಇರುತ್ತಿದ್ದರು. ಗಂಡಸರು ನೆಲಕ್ಕೆ ನೆಟ್ಟ ಹಾರೆಗೆ ಕಾಯಿ ಚುಚ್ಚಿ ಸಿಪ್ಪೆ ಸುಲಿದು ಎಸೆಯುತ್ತಿದ್ದರು. ಹೆಂಗಸರು ಮಚ್ಚಿನಿಂದ ಕರಟ ಒಡೆದು, ಒಳಗಿನ ಉಂಡೆಗೆ ಏಟು ಬೀಳದ ಹಾಗೆ ಬಿಡಿಸಬೇಕು. ನಮ್ಮಪ್ಪ ಹೋದ ಮೇಲೆ ನಮ್ಮವ್ವ ಆ ಅಂಗಳದ ಧೂಳು ಕುಡಿದೇ ನನ್ನನ್ನೂ ನನ್ನ ತಮ್ಮನನ್ನೂ ಸಾಕಿದಳು. ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಹತ್ತಿದರೆ ಬೇಸಿಗೆಯವರೆಗೂ ಬಿಡುತ್ತಿರಲಿಲ್ಲ.

ಅಟ್ಟದ ಮನೆಯಮ್ಮ ನೆರಳಲ್ಲಿ ಕೂತು ಕೆಲಸ ಮಾಡಿಸುವವರಲ್ಲ. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಇಟ್ಟುಕೊಂಡು ಬಂದು, ಹೆಂಗಸರ ನಡುವೆಯೇ ಒಂದು ಮಣೆ ಹಾಕಿಕೊಂಡು ಮಚ್ಚು ಹಿಡಿದರೆ ಕೈ ಒಂದು ಕಡೆ, ಬಾಯಿ ಇನ್ನೊಂದು ಕಡೆ. ಕೈ ನಿಂತರೂ ಬಾಯಿ ನಿಲ್ಲುತ್ತಿರಲಿಲ್ಲ. ಒಬ್ಬಳ ಕೈಗೆ ಲಕ್ವ ಹೊಡೆದಿದೆಯಾ ಅಂತ ಕೇಳುವರು, ಇನ್ನೊಬ್ಬಳ ತವರನ್ನು ಎತ್ತಾಡುವರು, ಮತ್ತೊಬ್ಬಳನ್ನು ಮೂದೇವಿ ಅನ್ನುವರು. ಕಾಗೆಗೂ ಬೈಗುಳ, ಮೋಡಕ್ಕೂ ಬೈಗುಳ. ಪೂಜೆ ಮಾಡುವಾಗ ಶಿವನಿಗೂ ಎರಡು ಮಾತು ಬೀಳುತ್ತಿತ್ತು ಅಂತ ಅವರ ಸೊಸೆಯೇ ಹೇಳುತ್ತಿದ್ದಳು.

ನನ್ನ ತಮ್ಮನಿಗೆ ಕಾಮಾಲೆ ಆದಾಗ ಎಳನೀರು ಕೇಳಿಕೊಂಡು ಬಾ ಅಂತ ಅವ್ವ ನನ್ನನ್ನು ಕಳಿಸಿದ್ದಳು. ಹೋಗಿ ನಿಂತೆ. ಮರಗಳೇನು ನಿಮ್ಮಪ್ಪ ನೆಟ್ಟಿದ್ದಾ, ಒಂದು ಎಳನೀರೂ ಇಲ್ಲ, ಹೊರಡು ಅಂದರು. ಅಳುತ್ತಾ ವಾಪಸು ಬಂದೆ. ನಾನು ಮುಖ ತೊಳೆದುಕೊಳ್ಳುವುದರೊಳಗೆ ಅವರ ಮನೆಯ ಮರ ಹತ್ತುವ ಆಳು ಒಂದು ಗೊನೆ ಎಳನೀರನ್ನು ನಮ್ಮ ಬಾಗಿಲಿಗೆ ತಂದು ಹಾಕಿದ. ತಮ್ಮ ಎದ್ದು ಓಡಾಡುವವರೆಗೂ ಅದು ತಪ್ಪಲಿಲ್ಲ. ಅವ್ವ ಕೈ ಮುಗಿಯಲು ಹೋದರೆ, ಇಲಿ ಕಡಿದು ಬೀಳಿಸುತ್ತಿದ್ದವು, ಅದಕ್ಕೇ ಕಿತ್ತು ಎಸೆದೆ, ನಿನಗೆ ಕೊಟ್ಟೆ ಅಂದುಕೊಂಡೆಯಾ ಅಂತ ಬೈದು ಕಳಿಸಿದರಂತೆ.

ಬಸ್ಸಿನ ಕತೆ ಬೇರೆ. ತಿಪಟೂರಿನಿಂದ ಬರುವ ಬಸ್ಸು ನಮ್ಮ ಕಾಲೋನಿಯ ಹತ್ತಿರ ನಿಲ್ಲುತ್ತಿರಲಿಲ್ಲ. ಊರ ಮುಂದೆ ಇಳಿದು ನಾವು ಹಿಂದಕ್ಕೆ ನಡೆಯಬೇಕು. ಸ್ಟಾಪು ಕೊಡಿಸುತ್ತೇವೆ ಅಂತ ಹೇಳಿದವರು ಎಷ್ಟೋ ಜನ. ಒಂದು ಸಂತೆ ದಿನ ಈಯಮ್ಮ ಸೀಟಿನಿಂದ ಎದ್ದು, ಡ್ರೈವರಿನ ಬೆನ್ನಿಗೆ ನಿಂತು ಅರಚಿ, ಕಾಲೋನಿಯ ಮುಂದೆಯೇ ಬಸ್ಸು ನಿಲ್ಲಿಸಿ ಇಳಿದರು. ಇಳಿದು, ಮಂಡಿ ನೋವು ಇಟ್ಟುಕೊಂಡು ಊರೊಳಗಿನ ತಮ್ಮ ಮನೆಗೆ ನಡೆದೇ ಹೋದರು. ಮುಂದಿನ ಸಂತೆಗೂ ಹಾಗೇ, ಅದರ ಮುಂದಿನದಕ್ಕೂ ಹಾಗೇ. ಅಷ್ಟು ದೊಡ್ಡ ಮನೆಯ ಹೆಂಗಸು ಅಲ್ಲಿ ಇಳಿಯುತ್ತಾರೆ ಅಂದ ಮೇಲೆ ಡ್ರೈವರು ತಾನಾಗಿಯೇ ನಿಲ್ಲಿಸತೊಡಗಿದ. ಯಾಕಮ್ಮಾರೇ ಇಲ್ಲಿ ಇಳಿಯುತ್ತೀರಿ ಅಂದರೆ, ಬಸ್ಸಿನೊಳಗೆ ಗಬ್ಬು ನಾತ, ಅಲ್ಲಿವರೆಗೆ ಕೂತಿರಲು ಆಗಲ್ಲ ಅನ್ನುವರು.

ನಾನು ಅವರನ್ನು ದೇವಿ ಮಾಡಲು ಹೊರಟಿಲ್ಲ. ಅವರ ಅಂಗಳದಲ್ಲೂ ನಮ್ಮವರಿಗೆ ಕಾಫಿ ಕೊಡುತ್ತಿದ್ದದ್ದು ಕರಟದಲ್ಲೇ. ಮನೆಯವರಿಗೆ ಲೋಟ, ನಮಗೆ ತೆಂಗಿನ ಕರಟ. ಸುತ್ತಮುತ್ತಲ ಎಲ್ಲ ತೋಟದ ಮನೆಗಳಲ್ಲೂ ಹಾಗೇ ಇತ್ತು, ನಮ್ಮವರಿಗೂ ಅದು ಹಾಗೇ ಅಂತ ಆಗಿಬಿಟ್ಟಿತ್ತು. ಎಷ್ಟೋ ವರ್ಷ ಅವರು ತಮ್ಮ ಕೈಯಾರೆ ಎತ್ತಿ ಹಿಡಿದು ಆ ಕರಟಕ್ಕೆ ಕಾಫಿ ಹುಯ್ದಿದ್ದಾರೆ. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ. ಆಮೇಲೆ ಒಂದು ದಿನ ಗೋಡೆಯ ಮೇಲೆ ಸಾಲಾಗಿ ಬೋರಲು ಹಾಕಿದ್ದ ಕರಟಗಳನ್ನೆಲ್ಲ ಬಾಚಿ ಸ್ನಾನದ ಹಂಡೆಯ ಒಲೆಗೆ ಹಾಕಿ, ಒಳಗಿನಿಂದ ಸ್ಟೀಲ್ ಲೋಟಗಳನ್ನು ತಂದು ಕುಕ್ಕಿದರು. ಕರಟಕ್ಕೆ ಇರುವೆ ಮುತ್ತುತ್ತದೆ ಅಂದರು. ತಪ್ಪು ಮಾಡಿದೆ ಅಂತ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಆದರೆ ಅವತ್ತಿನಿಂದ ಆ ಮನೆಯಲ್ಲಿ ಒಬ್ಬರ ಕೈಗೂ ಕರಟ ಬರಲಿಲ್ಲ.

ಇನ್ನು ಒಳ್ಳೆ ಬಾಯಿಯ ವಿಷಯಕ್ಕೆ ಬರುತ್ತೇನೆ. ದೂರ ಹೋಗಬೇಕಾಗಿಲ್ಲ, ಅದೂ ಅದೇ ಮನೆಯದೇ. ಅಟ್ಟದ ಮನೆಯಮ್ಮನ ಒಬ್ಬನೇ ಮಗ. ಊರೆಲ್ಲ ಅವರನ್ನು ಅಧ್ಯಕ್ಷರು ಅನ್ನುತ್ತಿತ್ತು, ಯಾಕೆಂದರೆ ಯಾವಾಗಲೂ ಯಾವುದಾದರೊಂದಕ್ಕೆ ಅಧ್ಯಕ್ಷರಾಗಿರುತ್ತಿದ್ದರು. ಎಂಥ ಮಾತು, ಎಂಥ ವಿನಯ. ಮೂರು ವರ್ಷದ ಕೂಸನ್ನೂ ಏನಮ್ಮ, ಏನಪ್ಪ ಅಂತಲೇ ಮಾತಾಡಿಸುವರು. ನಮ್ಮವ್ವನಿಗಂತೂ ಪ್ರತಿ ಮಾತಿಗೂ ತಾಯಿ. ಜಯಂತಿಗಳು ಬಂದರೆ ಮೈಕು ಅವರದೇ. ವಚನಗಳು ಸರಾಗವಾಗಿ ಬಾಯಿಗೆ ಬರುತ್ತಿದ್ದವು. ಮನುಷ್ಯರಲ್ಲಿ ಮೇಲು ಕೀಳು ಇಲ್ಲ ಅನ್ನುವಾಗ ಅವರ ದನಿ ಗದ್ಗದವಾಗಿ, ಕೇಳಿದವರ ಕಣ್ಣಲ್ಲೂ ನೀರು ಬರುತ್ತಿತ್ತು. ನನ್ನ ಕಣ್ಣಲ್ಲೂ ಬಂದಿತ್ತು.

ಒಂದು ಸಲ ನಮ್ಮ ಕಾಲೋನಿಯ ಜಯಂತಿಗೂ ಬಂದರು. ಫೋಟೋಕ್ಕೆ ಹಾರ ಹಾಕಿದರು. ನಮ್ಮ ಹುಡುಗರು ಆಸೆಯಿಂದ ಪಾನಕ ಮಾಡಿ, ಹೊಸ ಲೋಟದಲ್ಲಿ ಕೊಟ್ಟರು. ಎರಡೂ ಕೈಯಲ್ಲಿ ಭಕ್ತಿಯಿಂದ ತೆಗೆದುಕೊಂಡರು. ಆ ಲೋಟವನ್ನು ಹಿಡಿದುಕೊಂಡೇ ಸಮಾನತೆಯ ಮೇಲೆ ಮಾತಾಡಿದರು, ನಾವೆಲ್ಲ ಒಂದೇ ಬಳ್ಳಿಯ ಹೂಗಳು ಅಂದರು, ಚಪ್ಪಾಳೆ ಬಿತ್ತು. ಮಾತು ಮುಗಿಸಿ ಲೋಟವನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಕೈ ಮುಗಿದು ಹೊರಟರು. ನಾನು ಹೋಗಿ ಲೋಟ ಎತ್ತಿದೆ. ತುಂಬಿದ್ದು ತುಂಬಿದ ಹಾಗೇ ಇತ್ತು.

ಅವ್ವನಿಗೆ ಹೇಳಿದರೆ, ಬುಡು ಕಣೇ, ಅವರಿಗೆ ಬಾಯಾರಿಕೆ ಇರಲಿಲ್ಲವೇನೋ ಅಂದಳು. ನಮ್ಮವ್ವನ ಸ್ವಭಾವವೇ ಅದು.

ನಾನು ಪಿಯುಸಿಯಲ್ಲಿ ಇಂಗ್ಲಿಷು ಫೇಲಾಗಿ ಮನೆಯಲ್ಲಿದ್ದ ವರ್ಷ ಊರಿನ ಸರ್ಕಾರಿ ಶಾಲೆಗೆ ಬಿಸಿಯೂಟ ಬಂತು. ಅಡುಗೆಗೆ ಊರಿನ ಬಡ ಹೆಂಗಸನ್ನೇ ತೆಗೆದುಕೊಳ್ಳಬೇಕು, ವಿಧವೆಯಾದರೆ ಮೊದಲು ಅಂತ ಹೆಡ್‌ಮೇಷ್ಟ್ರು ನಮ್ಮವ್ವನನ್ನು ಆರಿಸಿದರು. ಅವ್ವನಿಗೆ ಆದ ಸಂತೋಷ ನಾನು ಏನು ಹೇಳಲಿ. ಧೂಳಿಲ್ಲ, ಮಚ್ಚಿಲ್ಲ, ಒಲೆಯ ಮುಂದೆ ನಿಂತು ಮಕ್ಕಳಿಗೆ ಬಡಿಸುವ ಕೆಲಸ. ಇರುವ ಎರಡು ಸೀರೆಯಲ್ಲಿ ಒಳ್ಳೆಯದನ್ನು ಶಾಲೆಗೆ ಅಂತ ಎತ್ತಿಟ್ಟಳು. ಪಾತ್ರೆ ದೊಡ್ಡವು, ಅವಳೊಬ್ಬಳ ಕೈಲಿ ಆಗುತ್ತಿರಲಿಲ್ಲ ಅಂತ ನಾನೂ ಜೊತೆಗೆ ಹೋಗುತ್ತಿದ್ದೆ.

ಶಾಲೆಯ ಸಮಿತಿಗೂ ಅಧ್ಯಕ್ಷರೇ ಅಧ್ಯಕ್ಷರು. ಮೊದಲ ದಿನ ಶಾಮಿಯಾನ ಹಾಕಿಸಿ, ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಅನ್ನ ಉಣ್ಣುವ ಮಕ್ಕಳೇ ನಾಳಿನ ಭಾರತ ಅಂತ ಭಾಷಣ ಮಾಡಿದರು. ತೆಂಗಿನ ಸೀಮೆಯ ಶಾಲೆಯ ಸಾರಿಗೆ ಕಾಯಿ ಇಲ್ಲದಿದ್ದರೆ ಹೇಗೆ ಅಂತ ಮನೆಗಿಷ್ಟು ಕಾಯಿ ಎತ್ತಿಸಿ ಮೂಟೆಗಟ್ಟಲೆ ಕಳಿಸಿದರು. ಎಲ್ಲ ಮುಗಿದ ಮೇಲೆ ಅವ್ವ ಸೌಟು ಹಿಡಿದು ನಿಂತಳು. ಬಂದು ಕೂತದ್ದು ನಮ್ಮ ಕಾಲೋನಿಯ ಮಕ್ಕಳು, ಇನ್ನು ಕೆಲವರು ಅಷ್ಟೆ. ಮೇಲಿನ ಕೇರಿಯ ಮಕ್ಕಳೆಲ್ಲ ಹೊಂಗೆ ಮರದ ಕೆಳಗೆ ಕೂತು ಮನೆಯಿಂದ ತಂದ ಡಬ್ಬಿ ಬಿಚ್ಚಿದರು. ಅಧ್ಯಕ್ಷರ ಮಗನೂ ಅವರಲ್ಲೇ ಇದ್ದ.

ಆ ವಾರವೆಲ್ಲ ಹೀಗೇ ಆಯಿತು. ಬೆಂದ ಅನ್ನ ಪಾತ್ರೆಯಲ್ಲೇ ಉಳಿಯುತ್ತಿತ್ತು. ಅದರ ಜೊತೆಗೆ ಇನ್ನೊಂದು ಮಾತು ಹುಟ್ಟಿತು, ಸಾರು ನಾರುತ್ತದೆ ಅಂತ. ನಿಜಕ್ಕೂ ನಾರುತ್ತಿತ್ತು, ಅದೇ ಸಂಕಟ. ಅವ್ವ ತೊಳೆದದ್ದನ್ನೇ ತೊಳೆದಳು, ಬೇಳೆ ಆರಿಸಿದಳು, ಮನೆಯಿಂದ ಕೊತ್ತಂಬರಿ ತಂದು ಹಾಕಿದಳು, ಆ ಕಮಟು ವಾಸನೆ ಹೋಗಲಿಲ್ಲ. ತನ್ನ ಕೈಯಲ್ಲೇ ಏನೋ ಇದೆ ಅನ್ನುವ ಹಾಗೆ ಅವಳು ಕೈ ಮೂಸಿ ನೋಡಿಕೊಳ್ಳುವುದನ್ನು ನೋಡಿದೆ. ಆ ಹೊತ್ತು ನನಗೆ ಬಂದ ಸಿಟ್ಟು ಇವತ್ತಿಗೂ ಆರಿಲ್ಲ.

ಶನಿವಾರ ಅಧ್ಯಕ್ಷರು ಬಂದು ಅವ್ವನನ್ನು ಆಫೀಸು ರೂಮಿಗೆ ಕರೆಸಿದರು. ಹೆಡ್‌ಮೇಷ್ಟ್ರು ನೆಲ ನೋಡುತ್ತಾ ಕೂತಿದ್ದರು. ಅಧ್ಯಕ್ಷರು ಎದ್ದು ನಿಂತು ಅವ್ವನಿಗೆ ಕುರ್ಚಿ ತೋರಿಸಿದರು. ಅವ್ವ ಕೂರಲಿಲ್ಲ.

"ನನ್ನ ಮನಸ್ಸು ನಿನಗೆ ಗೊತ್ತಲ್ಲ ತಾಯಿ. ನನಗೆ ಏನೇನೂ ಇಲ್ಲ. ಆದರೆ ಜನ ಇನ್ನೂ ಬೆಳೆದಿಲ್ಲ, ಏನು ಮಾಡೋದು. ಮಕ್ಕಳು ಹಸಿದುಕೊಂಡು ಇರಬಾರದು. ಸೋಮವಾರ ಒಂದು ದಿನ ನೋಡೋಣ. ಮಂಗಳವಾರದಿಂದ ನೀನು ಪಾತ್ರೆ ತೊಳೆದು ಕಸ ಗುಡಿಸ್ಕೊಂಡಿರು, ಒಲೆ ಹತ್ತಿರಕ್ಕೆ ಬೇರೆಯೋರು ಬರ್ತಾರೆ. ಸಂಬಳ ಅಷ್ಟೇ ಬರುತ್ತೆ, ಅದಕ್ಕೆ ನಾನಿದ್ದೀನಿ."

ನಾನು ಬಾಗಿಲಲ್ಲಿ ನಿಂತು ಕೂಗಾಡಿದೆ. ನಿಮ್ಮ ಮಗ ಮೊದಲು ಬಂದು ಕೂರಲಿ ಅಂದೆ. ಅವರು ನಗುನಗುತ್ತಲೇ, ನಿನ್ನ ಆವೇಶ ನನಗೆ ಅರ್ಥ ಆಗುತ್ತೆ ಕಣಮ್ಮ, ನಿನ್ನಂಥ ಹೆಣ್ಣುಮಕ್ಕಳು ಬೇಕು ಅಂದರು. ಇದಕ್ಕೆ ಏನು ಹೇಳುತ್ತೀರಿ? ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅವ್ವ ನನ್ನ ತೋಳು ಹಿಡಿದು ಎಳೆದುಕೊಂಡು ಬಂದಳು.

ಪಾತ್ರೆ ತೊಳೆಯುವುದಕ್ಕೆ ಅವ್ವನಿಗೆ ನಾಚಿಕೆ ಇರಲಿಲ್ಲ. ಆದರೆ ಒಲೆಯ ಹತ್ತಿರ ಬರಬೇಡ ಅಂತ ಊರೆಲ್ಲ ಸೇರಿ ಹೇಳಿದ ಮೇಲೆ, ಅದೇ ಶಾಲೆಯಲ್ಲಿ ತಲೆ ಎತ್ತಿ ಹೇಗೆ ಓಡಾಡುವುದು. ಅದಕ್ಕಿಂತ ಹಳೆಯ ಧೂಳೇ ವಾಸಿ ಅಂದುಕೊಂಡಳು. ಭಾನುವಾರ ಅಟ್ಟದ ಮನೆಯ ಅಂಗಳಕ್ಕೆ ಹೋಗಿ, ಕರಟ ಒಡೆಯುವುದಕ್ಕೆ ಮತ್ತೆ ಬರುತ್ತೇನೆ ಅಮ್ಮಾರೇ ಅಂತ ಕೇಳಿದಳು. ನಾನೂ ಪಕ್ಕದಲ್ಲೇ ಇದ್ದೆ. ಯಾಕೆ ಅಂತ ಅವರು ಕೇಳಿದರು. ಅವ್ವ ಎಲ್ಲ ಹೇಳಿದಳು, ಸಾರು ನಾರುವುದನ್ನೂ ಬಿಡದೆ, ಅಧ್ಯಕ್ಷರ ಮೇಲೆ ಮಾತ್ರ ಒಂದು ಮಾತೂ ಹೊರಿಸದೆ. ಅಟ್ಟದ ಮನೆಯಮ್ಮ ಮಚ್ಚು ಕೆಳಗಿಡದೆಯೇ ಕೇಳಿಸಿಕೊಂಡರು.

"ಇಲ್ಲಿ ನಿನಗೆ ಕೆಲಸ ಇಲ್ಲ ಹೋಗೇ. ಬುಟ್ಟು ಹೋದೋಳು ಬುಟ್ಟು ಹೋದಂಗೆ ಇರಬೇಕು. ಇನ್ನೊಂದು ದಪ ಈ ಅಂಗಳಕ್ಕೆ ಕಾಲಿಟ್ಟರೆ ಕಾಲು ಮುರೀತೀನಿ."

ದಾರಿಯುದ್ದಕ್ಕೂ ಅವ್ವ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಈ ಮುದುಕಿಯ ಬಾಯಿಗೆ ಹುಳ ಬೀಳಲಿ ಅಂತ ನಾನು ಶಾಪ ಹಾಕಿದೆ. ಅಮ್ಮನೂ ಅಷ್ಟೆ, ಮಗನೂ ಅಷ್ಟೆ, ಒಬ್ಬರು ಸಕ್ಕರೆ ಹಾಕಿ ಕೊಡುತ್ತಾರೆ, ಇನ್ನೊಬ್ಬರು ಹಾಗೇ ಕೊಡುತ್ತಾರೆ ಅಂದುಕೊಂಡೆ.

ಸೋಮವಾರ ಊಟದ ಗಂಟೆ ಹೊಡೆಯಿತು. ಇದೇ ಕೊನೆ ಅಂತ ಅವ್ವ ಸೌಟು ಹಿಡಿದು ನಿಂತಿದ್ದಳು. ಗೇಟಿನ ಕಡೆಯಿಂದ ಬೈಗುಳ ಕೇಳಿಸಿತು. ಮೊದಲು ಗೇಟಿಗೆ, ಅದು ಕಿರ್ರೆಂದದ್ದಕ್ಕೆ. ಆಮೇಲೆ ಬಿಸಿಲಿಗೆ. ಅಟ್ಟದ ಮನೆಯಮ್ಮ ಮಂಡಿ ಹಿಡಿದುಕೊಂಡು ಒಳಗೆ ಬಂದು, ನೇರವಾಗಿ ಹೊಂಗೆ ಮರದ ಕೆಳಗೆ ಹೋದರು. ಮೊಮ್ಮಗನ ಕೈಯಿಂದ ಡಬ್ಬಿ ಕಿತ್ತುಕೊಂಡು ಮುಚ್ಚಳ ಹಾಕಿದರು. ಅವನ ರಟ್ಟೆ ಹಿಡಿದು ಎಬ್ಬಿಸಿಕೊಂಡು ಬಂದು, ನಮ್ಮ ಕಾಲೋನಿಯ ಮಕ್ಕಳ ಸಾಲಿನಲ್ಲಿ, ಇಬ್ಬರು ಮಕ್ಕಳನ್ನು ಆಚೆಗೆ ಸರಿಸಿ, ಅವನನ್ನು ಕೂರಿಸಿ, ತಾವೂ ಗೋಡೆ ಹಿಡಿದುಕೊಂಡು ಮೆಲ್ಲಗೆ ಕುಕ್ಕರಿಸಿದರು. ಶಾಲೆಯ ಎರಡು ತಟ್ಟೆ ಎಳೆದು ಮುಂದೆ ಇಟ್ಟುಕೊಂಡರು. ಬಡಿಸೋಕೆ ಮುಹೂರ್ತ ನೋಡ್ತಿದ್ದೀಯಾ ಅಂತ ಅವ್ವನನ್ನು ಕೇಳಿದರು.

ಅವ್ವ ಬಡಿಸಿದ ಅವಸರಕ್ಕೆ ಅರ್ಧ ಅನ್ನ ನೆಲಕ್ಕೆ ಬಿತ್ತು. ಅದಕ್ಕೂ ಬೈಸಿಕೊಂಡಳು. ಇಡೀ ಶಾಲೆ ನಿಂತು ನೋಡುತ್ತಿತ್ತು. ಹೆಡ್‌ಮೇಷ್ಟ್ರು ಕೈಯಲ್ಲಿ ಸೀಮೆಸುಣ್ಣ ಹಿಡಿದುಕೊಂಡೇ ಹೊರಗೆ ಬಂದರು. ಲಿಂಗಪೂಜೆ ಇಲ್ಲದೆ ಬಾಯಿಗೆ ಹನಿ ನೀರು ಹಾಕದ ಹೆಂಗಸು, ಬೇರೆಯವರ ಮನೆಯ ಮದುವೆಗೆ ಹೋದರೂ ಅಡುಗೆಯವರು ಯಾರು ಅಂತ ಕೇಳುತ್ತಿದ್ದ ಹೆಂಗಸು, ಅನ್ನ ಕಲಸಿ ಒಂದು ತುತ್ತು ಬಾಯಿಗಿಟ್ಟರು. ಮುಖ ಕಿವುಚಿದರು. ಥೂ, ಕಮಟು ಅಂದರು. ಅಂದು, ಎರಡನೆಯ ತುತ್ತು ಇಟ್ಟರು, ಮೂರನೆಯದೂ ಇಟ್ಟರು. ತಟ್ಟೆ ಖಾಲಿಯಾಗುವವರೆಗೂ ಏಳಲಿಲ್ಲ. ಮೊಮ್ಮಗ ಅಜ್ಜಿಯ ಮುಖ ನೋಡುತ್ತಾ ಉಂಡ.

ಕೈ ತೊಳೆದವರೇ ಸೀದಾ ಅಡುಗೆ ಕೋಣೆಗೆ ನುಗ್ಗಿದರು. ಬೇಳೆ ಮೂಸಿದರು, ಎಣ್ಣೆ ಮೂಸಿದರು, ಕೊನೆಗೆ ಕಾಯಿಯ ಮೂಟೆ ಬಿಚ್ಚಿದರು. ಒಂದೊಂದನ್ನೂ ಕಿವಿಗೆ ಹಿಡಿದು ಅಲ್ಲಾಡಿಸಿ, ಒಂದೆರಡನ್ನು ಒಡೆದು ನೋಡಿದರು. ಹಸಿಕಾಯಿಯೂ ಅಲ್ಲ, ಕೊಬ್ಬರಿಯೂ ಅಲ್ಲ. ಅಟ್ಟದಲ್ಲಿ ಕೆಟ್ಟು, ಕೊಬ್ಬರಿ ಕೊಳ್ಳುವ ಮಂಡಿಯವರು ಬೇಡ ಅಂದ ಕಾಯಿಗಳನ್ನೇ ಊರಿನ ಮನೆಮನೆಯವರು ದಾನ ಅಂತ ಶಾಲೆಗೆ ಕಳಿಸಿದ್ದರು. ನಮ್ಮ ಜನ ಅದನ್ನು ಮೋಸ ಅಂತಲೂ ಅಂದುಕೊಂಡಿರಲಿಕ್ಕಿಲ್ಲ. ಕೆಟ್ಟ ಕಾಯಿಯನ್ನು ಬಿಸಾಡಲು ಮನಸ್ಸು ಬರುವುದಿಲ್ಲ, ಮಕ್ಕಳ ಸಾರಿಗೆ ಆಗುತ್ತದೆ ಅನ್ನುವುದು ಈ ಸೀಮೆಯ ಲೆಕ್ಕ. ಅವ್ವನೂ ಒಡೆದಾಗ ಮೂಸಿ ನೋಡಿರುತ್ತಾಳೆ, ಆದರೆ ದೊಡ್ಡವರು ಕೊಟ್ಟ ಕಾಯಿ ಕೆಟ್ಟದ್ದು ಅನ್ನಲು ಅವಳಿಗೆ ಬಾಯಿ ಬಂದಿಲ್ಲ. ಅಟ್ಟದ ಮನೆಯಮ್ಮನಿಗೆ ಬಂತು. ನಮ್ಮ ಮನೆ ಕಾಯೂ ಇದರಲ್ಲೇ ಐತೆ ಅಂತ ತಾವೇ ಕೂಗಿ ಹೇಳಿ, ಮೂಟೆಯನ್ನೆಲ್ಲ ಶಾಲೆಯ ಮುಂದಿನ ರಸ್ತೆಗೆ ಸುರಿಸಿದರು. ಮೂರು ಗಂಟೆಯ ಬಸ್ಸು ಆ ಕಾಯಿಗಳನ್ನು ಸುತ್ತಿಕೊಂಡು ಹೋಗಬೇಕಾಯಿತು. ಸಂಜೆಯೊಳಗೆ ಅವರ ತೋಟದಿಂದ ಆಗಷ್ಟೇ ಇಳಿಸಿದ ಕಾಯಿ ಗಾಡಿಯಲ್ಲಿ ಬಂತು.

ಮಂಗಳವಾರ ಒಲೆಯ ಹತ್ತಿರ ಬೇರೆ ಯಾರೂ ಬರಲಿಲ್ಲ. ಅಟ್ಟದ ಮನೆಯಮ್ಮ ಮಾತ್ರ ಬಂದರು. ಅದೇ ಸಾಲು, ಅದೇ ಕುಕ್ಕರಗಾಲು. ಅನ್ನ ಬಾಯಿಗಿಡುವ ಹೊತ್ತಿಗೆ ಅಧ್ಯಕ್ಷರು ಸ್ಕೂಟರಿನಲ್ಲಿ ಬಂದರು. ಮುಖದಲ್ಲಿ ಆ ಹೊತ್ತಿಗೂ ನಗು. ಅಮ್ಮಾ, ಏನಮ್ಮ ಇದು, ನಿನಗೆ ಮನೆಯಲ್ಲಿ ಏನು ಕಮ್ಮಿ, ನೆಂಟರು ಏನಂದಾರು, ನಾಳೆ ಮನೆಯಲ್ಲಿ ಶುಭಕಾರ್ಯಗಳಾಗಬೇಕು ಅಂತ ಮೆತ್ತಗೆ, ಪಕ್ಕದಲ್ಲಿ ಬಗ್ಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. ಅಟ್ಟದ ಮನೆಯಮ್ಮ ತಲೆ ಎತ್ತಲಿಲ್ಲ. ಬಾಯೊಳಗಿದ್ದದ್ದನ್ನು ನುಂಗಿ ಆಮೇಲೆ ಮಾತಾಡಿದರು. ಆ ಒಂದು ಸಲ ಮಾತ್ರ ಅವರ ದನಿ ಏರಿರಲಿಲ್ಲ.

"ನೀನು ಮೈಕಿನಾಗೆ ಹೇಳಿದ್ದನ್ನೇ ನಾನು ಉಣ್ತಾ ಇದೀನಿ ಕಣ್ಲಾ. ಅಡ್ಡ ನಿಲ್ಲಬ್ಯಾಡ, ಸಾರು ಆರೋಯ್ತದೆ."

ಇಷ್ಟೇ. ಸಮಾನತೆ ಅನ್ನಲಿಲ್ಲ, ನ್ಯಾಯ ಅನ್ನಲಿಲ್ಲ. ಆ ಪದಗಳು ಅವರಿಗೆ ಬರುತ್ತಿದ್ದವೋ ಇಲ್ಲವೋ ನನಗೆ ಗೊತ್ತಿಲ್ಲ. ಶಾಲೆ ಇದ್ದ ದಿನವೆಲ್ಲ ಬ್ಯಾಗು ಹೊತ್ತ ಮಕ್ಕಳ ಹಿಂದೆ ಅವರೂ ಬಂದರು. ಉಪ್ಪು ಜಾಸ್ತಿ ಅಂದರು, ಹುಳಿ ಕಮ್ಮಿ ಅಂದರು, ಅನ್ನ ಮುದ್ದೆಯಾಗಿದೆ ಅಂದರು. ಅವ್ವ ಮೊದಮೊದಲು ಹೆದರಿದಳು, ಆಮೇಲೆ ತಿರುಗಿ ಉತ್ತರ ಕೊಡುವುದನ್ನು ಕಲಿತಳು. ನಮ್ಮವ್ವ ಅಷ್ಟು ದೊಡ್ಡ ಮನೆಯವರಿಗೆ ಎದುರು ಮಾತಾಡಿದ್ದನ್ನು ನಾನು ಮೊದಲು ಕೇಳಿದ್ದು ಹುಣಸೆಹಣ್ಣಿನ ವಿಷಯಕ್ಕೆ.

ಸುಮ್ಮನೆ ಆಗಲಿಲ್ಲ ಇದು. ಅವರ ಮನೆಯಲ್ಲಿ ಅವರ ತಟ್ಟೆ ಲೋಟ ಹಿಂದಿನ ಪಡಸಾಲೆಗೆ ಬಂದವು. ಒಳಗಿನ ಒಲೆ ಮುಟ್ಟಬೇಡಿ ಅಂತ ಸೊಸೆ ಹೇಳಿದಳಂತೆ, ಮಗ ಹೇಳಿಸಿದರಂತೆ. ಶೆಟ್ಟಿಕೆರೆ ಕಡೆಯ ನೆಂಟರು ಮದುವೆಗೆ ಮನೆಯವರನ್ನೆಲ್ಲ ಕರೆದು ಅವರೊಬ್ಬರನ್ನು ಬಿಟ್ಟರು. ಪ್ರಾಯಶ್ಚಿತ್ತ ಮಾಡಿಕೊಂಡರೆ ಸರಿಹೋಗುತ್ತದೆ ಅಂತ ಹಿರಿಯರೊಬ್ಬರು ಹೇಳಲು ಬಂದಾಗ ಅವರು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವ ಹಾಗಿಲ್ಲ. ಶಾಲೆಗೆ ರಜೆ ಇದ್ದ ದಿನ ಕೊಬ್ಬರಿ ಶೆಡ್ಡಿನಲ್ಲಿ ಮೂರು ಕಲ್ಲಿಟ್ಟು ತಮ್ಮ ಪಾಡಿಗೆ ತಾವು ಬೇಯಿಸಿಕೊಂಡರು. ನನ್ನ ಮೊಮ್ಮಗನಿಗೆ ಬಿಸಿ ಊಟ ಸಿಗುತ್ತದೆ, ಸೊಸೆ ಮಾಡಿದ ತಂಗಳು ಯಾರು ತಿಂತಾರೆ ಅಂತ ಹೊರಗೆ ಹೇಳಿಕೊಂಡು ಓಡಾಡಿದರು. ಮಗ ಕೆಟ್ಟ ಕೆಲಸಕ್ಕೆ ಒಳ್ಳೆಯ ಕಾರಣ ಕೊಡುತ್ತಿದ್ದರೆ, ಅವರು ಒಳ್ಳೆಯ ಕೆಲಸಕ್ಕೆ ಕೆಟ್ಟ ಕಾರಣ ಕೊಡುತ್ತಿದ್ದರು.

ಹೊಂಗೆ ಮರದ ಕೆಳಗಿನ ಡಬ್ಬಿಗಳು ಕಮ್ಮಿಯಾಗುತ್ತಾ ಬಂದವು. ಮೊದಲು ಮೊಮ್ಮಗನ ಗೆಳೆಯ ಒಬ್ಬ ಬಂದ, ಆಮೇಲೆ ಅವನ ತಂಗಿ. ಹೊಸ ಕಾಯಿ ರುಬ್ಬಿ ಹಾಕಿದ ಸಾರಿನ ಘಮಕ್ಕೆ ಬಂದರೋ, ಅಟ್ಟದ ಮನೆಯಮ್ಮನೇ ಕೂತ ಮೇಲೆ ನಮ್ಮದೇನು ಅಂತ ಬಂದರೋ. ದಸರೆ ರಜೆ ಮುಗಿದು ಶಾಲೆ ಮತ್ತೆ ತೆರೆದ ದಿನ ಒಂದೆರಡು ಮನೆಯವರನ್ನು ಬಿಟ್ಟರೆ ಎಲ್ಲರೂ ಸಾಲಿನಲ್ಲಿದ್ದರು. ಅವತ್ತಿನಿಂದ ಅಟ್ಟದ ಮನೆಯಮ್ಮ ಬರುವುದನ್ನು ನಿಲ್ಲಿಸಿದರು. ಹೇಳಲೂ ಇಲ್ಲ, ಕೇಳಲೂ ಇಲ್ಲ. ನಮ್ಮವ್ವ ಕಣ್ಣು ಮಂಜಾಗುವವರೆಗೂ ಆ ಒಲೆಯ ಮುಂದೆಯೇ ಇದ್ದಳು. ಊರಿನ ಮಕ್ಕಳೆಲ್ಲ ಅವಳನ್ನು ಅಡುಗೆಯಮ್ಮ ಅನ್ನುತ್ತಿದ್ದವು.

ನಮ್ಮ ಮನೆಗೆ ಅವರು ಒಂದು ದಿನವೂ ಬರಲಿಲ್ಲ. ನಿಮ್ಮ ಜನ ಅನ್ನುವುದನ್ನೂ ಬಿಡಲಿಲ್ಲ. ನಾನು ಇಂಗ್ಲಿಷು ಪಾಸು ಮಾಡಿ ನರ್ಸಿಂಗಿಗೆ ಹೊರಟಾಗ ಎದುರಿಗೆ ಸಿಕ್ಕಿ, ನಿನ್ನ ಕೈಗೆ ಸಿಕ್ಕಿದ ರೋಗಿ ಉಳಿದ ಹಾಗೇ ಇದೆ ಅಂದರು. ಆಸ್ಪತ್ರೆಯ ಕೆಲಸಕ್ಕೆ ಸೇರಿದ ಮೇಲೆ ದಿನಾ ನೋಡುತ್ತೇನೆ. ಮಂಚದ ಪಕ್ಕ ನಿಂತು ನೀನೇ ನನ್ನ ದೇವರು ಅಂತ ಅಳುವವರು ಊಟದ ಹೊತ್ತಿಗೆ ಕಾಣುವುದಿಲ್ಲ. ಗೊಣಗಿಕೊಂಡೇ ಕೂತವರು ಬೆಡ್‌ಪ್ಯಾನು ತೊಳೆದು ತರುತ್ತಾರೆ. ನಾನು ಈಗ ಯಾರ ಮಾತನ್ನೂ ಕೇಳುವುದಿಲ್ಲ, ಕೈ ನೋಡುತ್ತೇನೆ.

ಕೊನೆಗೆ, ಸತ್ತವರ ಹೆಸರಿನಲ್ಲಿ ಊರಿಗೆ ಊಟ ಹಾಕುವ ಶಿವಗಣಾರಾಧನೆಯ ದಿನ. ಮನೆಯ ಮುಂದೆ ದೊಡ್ಡ ಚಪ್ಪರ, ಅಟ್ಟದ ಮನೆಯಮ್ಮನ ಫೋಟೋಕ್ಕೆ ಆಳೆತ್ತರದ ಹಾರ. ಅಧ್ಯಕ್ಷರು ಮೈಕು ಹಿಡಿದರು. ನಮ್ಮ ತಾಯಿ ಮೇಲು ಕೀಳು ಅರಿಯದ ಮಹಾತಾಯಿ, ಶಾಲೆಯ ಅಂಗಳದಲ್ಲಿ ಎಲ್ಲರ ಜೊತೆ ಕೂತು ಉಂಡು ಊರಿಗೆ ದಾರಿ ತೋರಿಸಿದವರು, ಆ ದಿನ ನಾನೂ ಅವರ ಪಕ್ಕದಲ್ಲೇ ಇದ್ದೆ ಅಂದರು. ಇದ್ದದ್ದೇನೋ ನಿಜ. ಜನ ಕಣ್ಣು ಒರೆಸಿಕೊಂಡರು. ಮಾತು ಮುಗಿಸಿ ಕೆಳಗಿಳಿದು ಬಂದು, ನಮ್ಮವ್ವನ ಮುಂದೆ ಕೈ ಮುಗಿದು, ತಾಯಿ, ನಿಮ್ಮೋರಿಗೆಲ್ಲ ಕೊಟ್ಟಿಗೆ ಹಿಂದೆ ಬೇರೆ ವ್ಯವಸ್ಥೆ ಮಾಡಿಸಿದ್ದೀನಿ, ನೂಕುನುಗ್ಗಲಿಲ್ಲದೆ ಆರಾಮಾಗಿ ಕೂತು ಉಣ್ಣಿ ಅಂದರು. ಅಲ್ಲಿ ಒಂದು ಟಾರ್ಪಾಲು ಹಾಸಿತ್ತು. ನಮ್ಮ ಕಾಲೋನಿಯ ಹಿರಿಯರು ಆಗಲೇ ಆ ಕಡೆಗೆ ಹೊರಟಿದ್ದರು.

ನನಗೆ ರಕ್ತ ತಲೆಗೇರಿತು. ಈಗ ನಾನು ಯಾರ ಅಂಗಳದ ಕೂಲಿಯೂ ಅಲ್ಲ. ತುಂಬಿದ ಪಾನಕದ ಲೋಟದಿಂದ ಹಿಡಿದು ಶನಿವಾರದ ಆಫೀಸು ರೂಮಿನವರೆಗೆ ಎಲ್ಲವನ್ನೂ ಆ ಚಪ್ಪರದ ಕೆಳಗೇ, ಅಷ್ಟೂ ಜನರ ಮುಂದೆ ಬಿಚ್ಚಿಡಬೇಕು ಅಂತ ಉಸಿರು ಎಳೆದುಕೊಂಡೆ. ಪಕ್ಕಕ್ಕೆ ತಿರುಗಿ ನೋಡಿದರೆ ಅವ್ವ ಅಲ್ಲಿರಲಿಲ್ಲ.

ಅವಳು ಕೊಟ್ಟಿಗೆಯ ಕಡೆಗೂ ಹೋಗಿರಲಿಲ್ಲ. ಕೋಲೂರಿಕೊಂಡು ಚಪ್ಪರದ ನಡುವೆ ನಡೆದು, ಮೊದಲ ಸಾಲಿನಲ್ಲಿ, ಶೆಟ್ಟಿಕೆರೆ ನೆಂಟರ ಹೆಂಗಸರಿಬ್ಬರ ನಡುವೆ ಖಾಲಿ ಇದ್ದ ಒಂದು ಎಲೆಯ ಮುಂದೆ ಕೂತಿದ್ದಳು. ಎಲೆಗೆ ನೀರು ಚಿಮುಕಿಸಿ ಒರೆಸುತ್ತಿದ್ದಳು. ಎಡಗಡೆಯ ಹೆಂಗಸು ಸೆರಗು ಒಟ್ಟು ಮಾಡಿಕೊಂಡು ಎದ್ದು ಹೋದಳು. ಬಲಗಡೆಯವಳು ಅತ್ತ ಇತ್ತ ನೋಡಿ, ಏಳಲೋ ಬೇಡವೋ ಅಂತ ಹಾಗೇ ಕೂತಳು. ಅನ್ನದ ಬಕೆಟ್ಟು ಹಿಡಿದು ಬರುತ್ತಿದ್ದವನು ಅಧ್ಯಕ್ಷರ ಮಗ. ಮೀಸೆ ಚಿಗುರುತ್ತಿತ್ತು. ಅವನು ನಿಂತು ಅಪ್ಪನ ಮುಖ ನೋಡಿದ. ಅಪ್ಪ ಕಣ್ಣಲ್ಲೇ ಏನೋ ಹೇಳಿದರು, ತುಟಿಯ ನಗು ಹಾಗೇ ಇತ್ತು. ಹುಡುಗ ಬಗ್ಗಿ, ಅವ್ವನ ಎಲೆಗೆ ಅನ್ನ ಬಡಿಸಿದ.

ನಾನು ಇನ್ನೂ ಅಲ್ಲೇ ನಿಂತಿದ್ದೆ, ಆಡಬೇಕಾದ ಮಾತೆಲ್ಲ ಬಾಯಲ್ಲೇ ಇತ್ತು. ಅವ್ವ ನನ್ನ ಕಡೆ ನೋಡಿದಳು.

"ಏನೇ ನಿಂತಿದ್ದೀಯ. ಎದ್ದು ಹೋದೋಳ ಜಾಗ ಖಾಲಿ ಐತೆ. ಬಂದು ಕೂತ್ಕೋ."

ಹೋಗಿ ಕೂತೆ.